ಬೇಲಿ ಸಾಲಿಗೆ ತಂಗಡಿ: ಬೆಳೆಸುವುದು ಹೇಗೆ, ಯಾರಿಗಾಗಿ

ತಂಗಡಿ ಬೆಳೆಸೋದನ್ನೂ ಹೇಳಿಕೊಡಬೇಕಾ ಅಂತ ಬಯಲುಸೀಮೆಯವರು ಕೇಳಬಹುದು. ಕೇಳೋದು ನ್ಯಾಯವೇ. ಚಿತ್ರದುರ್ಗ, ತುಮಕೂರು, ಕೋಲಾರ, ಬಳ್ಳಾರಿ, ರಾಯಚೂರಿನ ಕಡೆ ಇದನ್ನು ಯಾರೂ ಬಿತ್ತೋದಿಲ್ಲ, ಯಾರೂ ನೀರು ಹಾಕೋದಿಲ್ಲ. ರಸ್ತೆ ಬದಿ, ಹೊಲದ ಬದು, ಕೆರೆ ಏರಿ, ಕಲ್ಲುಗುಡ್ಡದ ಬುಡ ಎಲ್ಲ ಕಡೆ ತಾನೇ ಬೆಳೆದು ಹಳದಿ ಹೂ ಬಿಡುತ್ತದೆ. ದನ, ಆಡು ಕೂಡ ಅಷ್ಟಾಗಿ ಬಾಯಿ ಹಾಕೋದಿಲ್ಲ.

ಆದರೆ ಈಗ ರಸ್ತೆ ಅಗಲವಾಗುತ್ತಿದೆ. ಬದುಗಳಿಗೆ ಕಳೆನಾಶಕ ಹೊಡೆಯುತ್ತಿದ್ದಾರೆ. ಊರಂಚಿನ ಬೀಳು ಭೂಮಿ ಲೇಔಟ್ ಆಗುತ್ತಿದೆ. ಹಬ್ಬದ ಹಿಂದಿನ ದಿನ ತಂಗಡಿ ಹೂ ತರೋಕೆ ಮಾರ್ಕೆಟ್ಟಿಗೆ ಹೋಗುವ ಸ್ಥಿತಿ ಬೆಂಗಳೂರಿನ ಸುತ್ತಮುತ್ತಲಿನವರಿಗೆ ಬಂದಿದೆ. ಹಾಗಾಗಿ ಮನೆ ಹತ್ತಿರ, ತೋಟದ ಬೇಲಿಯಲ್ಲಿ, ಶಾಲೆಯ ಆವರಣದಲ್ಲಿ ಬೇಕೆಂದೇ ನಾಲ್ಕು ಗಿಡ ಹಾಕುವವರಿಗೆ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೇನುಪೆಟ್ಟಿಗೆ ಇಟ್ಟುಕೊಂಡು ಜೇನುತುಪ್ಪ ಜಾಸ್ತಿ ಬರಲಿ ಅಂತ ತಂಗಡಿ ಹಾಕುವುದಾದರೆ ಹಾಕಬೇಡಿ. ಇದರ ಹೂವಲ್ಲಿ ಮಕರಂದವೇ ಇಲ್ಲ. ಇರೋದು ಪರಾಗ ಮಾತ್ರ. ಆ ಪರಾಗ ಯಾರಿಗೆ ಸಿಗುತ್ತದೆ, ಎಲೆ ಯಾರಿಗೆ ಊಟ ಅನ್ನೋದು ಗೊತ್ತಾದರೆ ಗಿಡ ಎಲ್ಲಿ ಹಾಕಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನೋದೂ ಗೊತ್ತಾಗುತ್ತದೆ.

1. ಸರಿಯಾದ ಗಿಡವನ್ನೇ ಗುರುತಿಸಿ

ಹಳೇ ಮೈಸೂರಿನ ಕಡೆ ತಂಗಡಿ. ಬೇರೆ ಕಡೆ ಆವರಿಕೆ, ಹೊನ್ನಾವರಿಕೆ. ತಮಿಳರಿಗೆ ಆವಾರಂ, ತೆಲುಗರಿಗೆ ತಂಗೇಡು. ತೆಲಂಗಾಣದ ರಾಜ್ಯಪುಷ್ಪ ಇದೇ. ಬತುಕಮ್ಮ ಹಬ್ಬದಲ್ಲಿ ಹೂವಿನ ಗೋಪುರ ಕಟ್ಟೋಕೆ ಅವರಿಗೆ ಇದು ಬೇಕೇ ಬೇಕು. ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಇರುತ್ತದೆ. ಭಾರತ ಮತ್ತು ಶ್ರೀಲಂಕಾದ ಒಣ ನಾಡಿನ ಸ್ವಂತ ಗಿಡ ಇದು. ಅವರೆ, ತೊಗರಿ, ಹುರುಳಿಯ ಕುಟುಂಬಕ್ಕೇ ಸೇರಿದ್ದು.

ಹಳದಿ ಹೂವಿನ ಅಣ್ಣತಮ್ಮಂದಿರು ಬೇಕಾದಷ್ಟಿದ್ದಾರೆ. ಹೂ ಒಂದನ್ನೇ ನೋಡಿ ಬೀಜ ತಂದರೆ ಮೋಸ ಹೋಗುವುದು ಖಂಡಿತ. ಎಲೆಕಾಂಡ ರೆಂಬೆಗೆ ಸೇರುವ ಜಾಗವನ್ನು ನೋಡಿ. ತಂಗಡಿಯಾದರೆ ಅಲ್ಲಿ ಅಗಲವಾದ, ಕಿವಿಯ ಆಕಾರದ ಎರಡು ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ. ಬಲಿತ ಮೇಲೂ ಬೇಗ ಉದುರೋದಿಲ್ಲ. ಇನ್ನೊಂದು ಗುರುತು: ಪ್ರತಿ ಜೋಡಿ ಎಲೆಯ ನಡುವೆ ಕಡ್ಡಿಯಂಥ ಸಣ್ಣ ಗ್ರಂಥಿ. ಕಾಯಿ ಚಪ್ಪಟೆ, ಕಾಗದದಷ್ಟು ತೆಳು, ಸುಮಾರು 4 ಇಂಚು ಉದ್ದ. ಒಳಗೆ ಬೀಜ ಇರುವ ಜಾಗವೆಲ್ಲ ಹೊರಗಿನಿಂದಲೇ ಉಬ್ಬಿ ಕಾಣುತ್ತದೆ. ಗಿಡ ಸಾಮಾನ್ಯವಾಗಿ 4 ರಿಂದ 8 ಅಡಿ ಎತ್ತರದ ಪೊದೆ.

ಮಳೆಗಾಲದಲ್ಲಿ ಮೊಣಕಾಲೆತ್ತರ ಬಂದು, ಕುಡುಗೋಲಿನ ಹಾಗೆ ಬಾಗಿದ ಸಪೂರ ಕಾಯಿ ಬಿಟ್ಟು, ಬೇಸಗೆಗೆ ಒಣಗುವುದು ತಗಚೆ. ಅದು ತಂಗಡಿ ಅಲ್ಲ. ರಸ್ತೆ ಬದಿಯಲ್ಲಿ ದೊಡ್ಡ ಮರವಾಗಿ ಬೆಳೆಯುವ ಸೀಮೆ ತಂಗಡಿ ಆಗ್ನೇಯ ಏಷ್ಯಾದಿಂದ ಬಂದದ್ದು.

ಇವೆಲ್ಲದರಲ್ಲಿ ಹುಷಾರಾಗಿರಬೇಕಾದ್ದು ಸೆನ್ನಾ ಸ್ಪೆಕ್ಟಬಿಲಿಸ್ ಅನ್ನುವ ಮರ. ಹೂವಿನ ಚಂದಕ್ಕೆ ಅಮೆರಿಕ ಖಂಡದಿಂದ ತಂದದ್ದು. ಈಗ ವಯನಾಡು, ಮುದುಮಲೈ, ಬಂಡೀಪುರ, ನಾಗರಹೊಳೆಯ ಕಾಡಿಗೆ ನುಗ್ಗಿದೆ. ಅದರ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯೋದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನರ್ಸರಿಯಲ್ಲಿ "ಕ್ಯಾಸಿಯಾ" ಅಂತ ಬರೀ ಅರ್ಧ ಹೆಸರು ಹೇಳಿ ಸಸಿ ಕೊಟ್ಟರೆ ಕಿವಿಯೆಲೆ ಇದೆಯಾ ನೋಡಿ. ಇಲ್ಲದಿದ್ದರೆ ದುಡ್ಡು ಕೊಡಬೇಡಿ.

2. ಜಾಗ: ಕೆಟ್ಟದ್ದನ್ನೇ ಆರಿಸಿ

ತೋಟದಲ್ಲಿ ಬೇರೇನೂ ಬಾರದ ಮೂಲೆ ಇದೆಯಾ? ಗರಸು ಮಣ್ಣು, ಮಧ್ಯಾಹ್ನವೆಲ್ಲ ಬಿಸಿಲು, ನೀರಿನ ಪೈಪ್ ಮುಟ್ಟದ ಜಾಗ? ತಂಗಡಿಗೆ ಅದೇ ಸರಿ. ಕೆಂಪು ಮಣ್ಣು, ಮರಳು ಮಣ್ಣು, ಕಲ್ಲು ತುಂಬಿದ ನೆಲ ಎಲ್ಲ ನಡೆಯುತ್ತದೆ. ಎರೆ ಮಣ್ಣಲ್ಲೂ ಬರುತ್ತದೆ, ನೀರು ನಿಲ್ಲಬಾರದು ಅಷ್ಟೇ. ಸ್ವಲ್ಪ ಸವಳು ಇದ್ದರೂ ತಡೆಯುತ್ತದೆ.

ಬೇಡದ್ದು ಎರಡು. ಒಂದು ನೆರಳು. ಮಾವಿನ ಮರದ ಕೆಳಗೆ ಹಾಕಿದರೆ ಗಿಡ ಉದ್ದುದ್ದ ಹೋಗುತ್ತದೆ, ಹೂ ಬಿಡೋದಿಲ್ಲ. ಇನ್ನೊಂದು ನಿಂತ ನೀರು. ಬೇರು ಕೊಳೆತರೆ ಗಿಡ ಉಳಿಯೋದಿಲ್ಲ. ಹೀಗಾಗಿ ಮಲೆನಾಡು, ಕರಾವಳಿಯವರು ಇದಕ್ಕೆ ಹಟ ಹಿಡಿಯದಿರುವುದೇ ಒಳ್ಳೆಯದು. ಅವರಿಗೆ ಬೇರೆ ದಾರಿ ಕೊನೆಯಲ್ಲಿದೆ.

ಗೊಬ್ಬರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅವರೆ ಕುಟುಂಬದ ಗಿಡ ಅಂದರೆ ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ ಅಂದುಕೊಳ್ಳುತ್ತೇವೆ. ಆದರೆ ಸೆನ್ನಾ ಗುಂಪಿನ ಬಹುಪಾಲು ಗಿಡಗಳಿಗೆ ಈ ಬೇರುಗಂಟು ಇಲ್ಲ. ಹಾಗಾಗಿ ಬೇರುಗಂಟು ಕಟ್ಟಿಸುವ ರೈಜೋಬಿಯಂ ಬ್ಯಾಕ್ಟೀರಿಯಾದ ಪೊಟ್ಟಣ ತಂದು ಬೀಜಕ್ಕೆ ಲೇಪಿಸೋದು ದಂಡ. ಹಾಗಂತ ಮಣ್ಣಿಗೆ ಇದರಿಂದ ಲಾಭ ಇಲ್ಲ ಅಂತಲ್ಲ. ಹೊಂಗೆ ಸೊಪ್ಪಿನ ಜೊತೆ ತಂಗಡಿ ಸೊಪ್ಪನ್ನೂ ಕೊಯ್ದು ಭತ್ತದ ಗದ್ದೆಗೆ ತುಳಿಯುವುದು ಹಳೇ ಪದ್ಧತಿ. ಸವರಿದ ಸೊಪ್ಪನ್ನು ನೀವೂ ಹಾಗೇ ಬಳಸಿ.

ಒಂದೇ ಗಿಡ ಹಾಕಬೇಡಿ. ಕನಿಷ್ಠ ಮೂರಿರಲಿ, ಅದೂ ಬೇರೆ ಬೇರೆ ತಾಯಿ ಗಿಡದ ಬೀಜದಿಂದ. ಒಂದು ಗಿಡದ ಪರಾಗ ಇನ್ನೊಂದಕ್ಕೆ ಹೋದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ದುಂಬಿಗಳ ಕಣ್ಣಿಗೂ ಒಂಟಿ ಗಿಡಕ್ಕಿಂತ ಗುಂಪು ಬೇಗ ಬೀಳುತ್ತದೆ.

3. ಬೀಜ ತರುವುದು

ನರ್ಸರಿಯಲ್ಲಿ ಹುಡುಕುವುದಕ್ಕಿಂತ ಬೀಜ ಆಯುವುದೇ ಸುಲಭ. ಹಿಂಗಾರು ಮಳೆಯ ನಂತರ ಹೂ ಜೋರು. ಸಂಕ್ರಾಂತಿ ಕಳೆದ ಮೇಲೆ ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತವೆ. ಮುಟ್ಟಿದರೆ ಪಟಪಟ ಮುರಿಯುವಂಥ ಕಾಯನ್ನೇ ಕೀಳಿ. ಹಸಿರು ಕಾಯಿ ತಂದು ಒಣಗಿಸಿದರೆ ಬೀಜ ಮುರುಟುತ್ತದೆ.

ಒಂದೇ ಪೊದೆಯನ್ನು ಬೋಳಿಸಬೇಡಿ. ಹತ್ತು ಗಿಡದಿಂದ ಒಂದೊಂದು ಹಿಡಿ ಸಾಕು. ಖಾಸಗಿ ಹೊಲವಾದರೆ ಯಜಮಾನರನ್ನು ಕೇಳಿ. ಮೀಸಲು ಅರಣ್ಯದ ಒಳಗೆ ಕೈ ಹಾಕಬೇಡಿ, ರಸ್ತೆ ಬದಿಯಲ್ಲೇ ಬೇಕಾದಷ್ಟು ಸಿಗುತ್ತದೆ. ಗಿಡವನ್ನೇ ಕಿತ್ತು ತಂದು ನೆಡುವ ಆಸೆ ಬೇಡ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಎಷ್ಟು ಜೋಪಾನವಾಗಿ ಅಗೆದರೂ ಅದು ಮುರಿಯುತ್ತದೆ, ಆಮೇಲೆ ಗಿಡ ಒಣಗುತ್ತದೆ.

ಬೀಜ ಬಿಡಿಸಿದ ಮೇಲೆ ಒಂದೊಂದಾಗಿ ನೋಡಿ. ಸಣ್ಣ ದುಂಡು ತೂತು ಇರುವ ಬೀಜ ಹುಳು ತಿಂದದ್ದು. ಅವನ್ನು ಎಸೆಯಿರಿ. ಉಳಿದದ್ದನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಸ್ವಲ್ಪ ಬೇವಿನ ಎಲೆ ಹಾಕಿ ಬಟ್ಟೆ ಚೀಲದಲ್ಲಿಡಿ. ಸಿಪ್ಪೆ ಗಟ್ಟಿ ಇರುವುದರಿಂದ ಮಳೆಗಾಲದವರೆಗೂ ಆರಾಮಾಗಿ ಇರುತ್ತದೆ.

4. ಬಿತ್ತುವುದು

ತಂಗಡಿ ಬೀಜಕ್ಕೆ ನೀರು ಒಳಗೆ ಬಿಡದಂಥ ಸಿಪ್ಪೆ. ಬಯಲಲ್ಲಿ ಬಿಸಿಲು, ಮಳೆ, ಮಣ್ಣಿನ ಉಜ್ಜಾಟಕ್ಕೆ ಅದು ನಿಧಾನವಾಗಿ ಸವೆಯುತ್ತದೆ. ಒಂದೇ ಮಳೆಗೆ ಎಲ್ಲ ಬೀಜ ಮೊಳೆತು, ಆಮೇಲೆ ಮಳೆ ಕೈಕೊಟ್ಟು ಎಲ್ಲವೂ ಸಾಯುವುದು ಇದರಿಂದ ತಪ್ಪುತ್ತದೆ. ಆದರೆ ನಮಗೆ ಅಷ್ಟು ಕಾಯುವ ತಾಳ್ಮೆ ಇರುವುದಿಲ್ಲ, ಅಲ್ವಾ? ಸಿಪ್ಪೆಯನ್ನು ನಾವೇ ಮೆತ್ತಗೆ ಮಾಡಬೇಕು.

ನೀರು ಕುದಿಸಿ, ಒಲೆ ಆರಿಸಿ, ಎರಡು ಮೂರು ನಿಮಿಷ ಬಿಡಿ. ಬೀಜವನ್ನು ಒಂದು ಬಟ್ಟಲಲ್ಲಿ ಹಾಕಿ ಆ ನೀರು ಸುರಿಯಿರಿ. ಬೀಜ ಒಂದು ಪಾಲಾದರೆ ನೀರು ಐದಾರು ಪಾಲು ಇರಲಿ. ಒಲೆಯ ಮೇಲಿಟ್ಟು ಬೀಜವನ್ನೇ ಕುದಿಸಬೇಡಿ, ಬೆಂದುಹೋಗುತ್ತದೆ. ರಾತ್ರಿಯಿಡೀ ಹಾಗೇ ನೆನೆಯಲಿ. ಬೆಳಿಗ್ಗೆ ಕೆಲವು ಬೀಜ ಉಬ್ಬಿ ದಪ್ಪ ಆಗಿರುತ್ತವೆ. ಅವು ಬಿತ್ತನೆಗೆ ತಯಾರು. ಉಬ್ಬದೆ ಉಳಿದವನ್ನು ಒರಟು ಕಲ್ಲಿನ ಮೇಲೋ ಉಪ್ಪುಕಾಗದದ ಮೇಲೋ ಒಂದು ಕಡೆ ಮಾತ್ರ ಮೆಲ್ಲಗೆ ಉಜ್ಜಿ, ಮತ್ತೆ ಒಂದು ರಾತ್ರಿ ನೆನೆಸಿ.

ಬಿತ್ತಲು ಎರಡು ದಾರಿ. ಜಾಗ ಗೊತ್ತಿದ್ದರೆ ನೇರವಾಗಿ ನೆಲಕ್ಕೇ ಬಿತ್ತುವುದು ಮೇಲು. ಬೇರು ಮೊದಲ ದಿನದಿಂದಲೇ ಆಳಕ್ಕೆ ಹೋಗುತ್ತದೆ. ಮುಂಗಾರಿನ ಎರಡು ಮೂರು ಹದ ಮಳೆ ಬಿದ್ದ ಮೇಲೆ, ಅಂದರೆ ಜೂನ್ ಹೊತ್ತಿಗೆ, ಒಂದು ಗುಣಿಗೆ ಮೂರು ನಾಲ್ಕು ಬೀಜ ಹಾಕಿ. ಆಳ ಒಂದು ಸೆಂಟಿಮೀಟರ್ ಸಾಕು. ಆಮೇಲೆ ಗಟ್ಟಿಯಾದ ಒಂದನ್ನು ಉಳಿಸಿ ಬಾಕಿಯನ್ನು ಕೀಳಿ. ಕೀಳೋಕೆ ಮನಸ್ಸು ಬಾರದಿದ್ದರೂ ಕೀಳಲೇಬೇಕು.

ಚೀಲದಲ್ಲಿ ಮಾಡುವುದಾದರೆ ಏಪ್ರಿಲ್ ಕೊನೆಯಲ್ಲಿ ಶುರುಮಾಡಿ. ಉದ್ದನೆಯ ಪಾಲಿಥಿನ್ ಚೀಲ ತೆಗೆದುಕೊಳ್ಳಿ, ಗಿಡ್ಡದ್ದು ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ. ವಾರ ಹದಿನೈದು ದಿನದಲ್ಲಿ ಮೊಳಕೆ ಕಾಣುತ್ತದೆ. ಸಸಿ ಗೇಣುದ್ದ ಆದಾಗ, ಬೇರು ಚೀಲದ ತಳ ಮುಟ್ಟಿ ಸುತ್ತಿಕೊಳ್ಳುವ ಮೊದಲೇ, ಮಳೆಗಾಲದಲ್ಲೇ ನೆಲಕ್ಕೆ ಹಾಕಿಬಿಡಿ. ಒಂದಡಿ ಉದ್ದ, ಅಗಲ, ಆಳದ ಗುಣಿ ಸಾಕು. ಬೇಲಿ ಸಾಲಿಗೆ ಮೂರಡಿ ಅಂತರ, ಬಿಡಿ ಪೊದೆಯಾದರೆ ಐದಡಿ. ಗುಣಿಗೆ ರಾಸಾಯನಿಕ ಗೊಬ್ಬರ ಬೇಡವೇ ಬೇಡ. ಯೂರಿಯಾ ಹಾಕಿದರೆ ಸೊಪ್ಪು ಬರುತ್ತದೆ, ಹೂ ಬರೋದಿಲ್ಲ.

ತಾರಸಿಯಲ್ಲಿ ಬೆಳೆಸಬಹುದಾ ಅಂತ ಕೇಳುವವರಿಗೆ: ಬೆಳೆಸಬಹುದು. ಒಂದೂವರೆ ಅಡಿಗೆ ಕಡಿಮೆ ಇಲ್ಲದ ಕುಂಡ, ತಳದಲ್ಲಿ ದೊಡ್ಡ ತೂತು, ಮಣ್ಣಿಗೆ ಜಾಸ್ತಿ ಮರಳು. ನೆಲದಲ್ಲಿ ಬೆಳೆದಷ್ಟು ದೊಡ್ಡದಾಗೋದಿಲ್ಲ, ಆದರೂ ಹೂ ಬಿಡುತ್ತದೆ.

5. ಮೊದಲ ವರ್ಷ

ಮೊದಲ ಬೇಸಗೆಗೆ ಮಾತ್ರ ವಾರಕ್ಕೊಂದು ಸಲ ಬುಡ ನೆನೆಯುವಷ್ಟು ನೀರು ಕೊಡಿ. ಎರಡನೇ ವರ್ಷದಿಂದ ಮಳೆಯ ಪಾಲಿಗೆ ಬಿಟ್ಟುಬಿಡಿ. ಹನಿ ನೀರಾವರಿಯ ಪೈಪನ್ನು ಇದರ ಬುಡಕ್ಕೆ ಎಳೆಯುವ ಅಗತ್ಯ ಇಲ್ಲ. ಹುಲ್ಲು ಮುಚ್ಚದ ಹಾಗೆ ಒಂದೆರಡು ಸಲ ಕಳೆ ತೆಗೆದರೆ ಸಾಕು.

6. ಸವರುವುದು

ಸುಮ್ನೆ ಬಿಟ್ಟರೆ ಮೂರು ನಾಲ್ಕು ವರ್ಷದಲ್ಲಿ ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಎಲೆ, ಹೂ ಉಳಿಯುತ್ತದೆ. ಹೂ ಬರೋದು ಹೊಸ ಚಿಗುರಿನಲ್ಲಿ. ಹಾಗಾಗಿ ಮಾರ್ಚ್ ಏಪ್ರಿಲ್‌ನಲ್ಲಿ ಕಾಯಿ ಉದುರಿದ ಮೇಲೆ, ಮಳೆಗೆ ಮುಂಚೆ, ನೆಲದಿಂದ ಎರಡು ಅಡಿ ಬಿಟ್ಟು ಸವರಿ. ಕುಡುಗೋಲಲ್ಲಿ ಸಿಗಿದು ಹಾಕಬೇಡಿ, ಹರಿತವಾದ ಕತ್ತರಿ ಇರಲಿ. ಎಲ್ಲ ಗಿಡವನ್ನೂ ಒಂದೇ ದಿನ ಸವರಬೇಡಿ. ಈ ವರ್ಷ ಅರ್ಧ, ಮುಂದಿನ ವರ್ಷ ಇನ್ನರ್ಧ. ಯಾಕೆ ಅಂದರೆ ಅದರ ಮೇಲೆ ಯಾರೋ ಮೊಟ್ಟೆ ಇಟ್ಟಿರುತ್ತಾರೆ, ಅದನ್ನು ಆಮೇಲೆ ಹೇಳುತ್ತೇನೆ.

ಸವರಿದ ರೆಂಬೆಯ ತೊಗಟೆಯಲ್ಲಿ ಟ್ಯಾನಿನ್, ಅಂದರೆ ಚರ್ಮ ಹದ ಮಾಡುವ ಒಗರು ಸತ್ವ, ಹೇರಳ. ಒಂದು ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಚರ್ಮ ಹದ ಮಾಡುವ ಕಸುಬು ನಿಂತಿದ್ದೇ ಈ ತೊಗಟೆಯ ಮೇಲೆ. ಹೀಗೆ ಹದ ಮಾಡಿದ ತೊಗಲು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಆಮೇಲೆ ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ಅನ್ನುವ ಮರದ ತೊಗಟೆ ಬಂತು, ಇದಕ್ಕೆ ಬೇಡಿಕೆ ಇಳಿಯಿತು.

7. ಹೂವಿನ ಹತ್ತಿರ ನಿಂತು ಕೇಳಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಸ್ವಲ್ಪ ಉದ್ದವಾದರೂ ಓದಿ.

ಅರಳಿದ ಒಂದು ತಂಗಡಿ ಹೂ ಕೈಗೆ ತೆಗೆದುಕೊಳ್ಳಿ. ನಡುವೆ ಹತ್ತು ಕೇಸರ ಇವೆ, ಎಲ್ಲವೂ ಒಂದೇ ಥರ ಇಲ್ಲ. ಮೇಲಿನ ಮೂರು ಬರಡು, ಪರಾಗ ಇಲ್ಲ. ನಡುವಿನವು ಗಿಡ್ಡ. ಕೆಳಗಿನವು ಉದ್ದವಾಗಿ ಬಾಗಿವೆ. ಬೇರೆ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪುಡಿ ಹೊರಗೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಊಟದ ಮೇಜಿನ ಉಪ್ಪಿನ ಡಬ್ಬಿಯ ಹಾಗೆ ತುದಿಯಲ್ಲಿ ಮಾತ್ರ ಪುಟ್ಟ ತೂತು. ಅಲ್ಲಾಡಿಸಿದರಷ್ಟೇ ಪುಡಿ ಉದುರುತ್ತದೆ.

ಅಲ್ಲಾಡಿಸುವವರು ಯಾರು? ತುಡುವೆ, ಹೆಜ್ಜೇನು, ಕೋಲುಜೇನು ಯಾವುದಕ್ಕೂ ಈ ವಿದ್ಯೆ ಬರೋದಿಲ್ಲ. ಬಂದರೂ ದಳದ ಮೇಲೆ ಚೆಲ್ಲಿದ್ದನ್ನು ಬಳಿದುಕೊಂಡು ಹೋಗುತ್ತವೆ. ಈ ಕೆಲಸ ಗೊತ್ತಿರುವುದು ದೊಡ್ಡ ಕಪ್ಪು ದುಂಬಿಗೆ, ಅಂದರೆ ಒಣ ಮರ ಕೊರೆದು ಗೂಡು ಮಾಡುವ ಆ ಬಡಗಿ ದುಂಬಿಗೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಚುರುಕಾದ ಒಂಟಿ ಜೇನಿಗೂ ಗೊತ್ತು. ಇವು ಹೂವನ್ನು ಕಾಲಲ್ಲಿ ಅಪ್ಪಿ ಹಿಡಿಯುತ್ತವೆ. ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಜೋರಾಗಿ ನಡುಗಿಸುತ್ತವೆ. ಸೆಕೆಂಡಿಗೆ ನೂರಾರು ಸಲ. ಆ ಅದುರಾಟಕ್ಕೆ ಪರಾಗ ತೂತಿನಿಂದ ಚಿಮ್ಮುತ್ತದೆ.

ಇದು ಕಿವಿಗೇ ಕೇಳುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಗಿಡದ ಪಕ್ಕ ಸುಮ್ಮನೆ ನಿಲ್ಲಿ. ದುಂಬಿ ಹಾರಿ ಬರುವಾಗ ದಪ್ಪ ದನಿಯ "ಗುಂಯ್". ಹೂವಿನ ಮೇಲೆ ಕೂತ ಕೂಡಲೇ ದನಿ ಸಣ್ಣಗಾಗಿ, ಮೇಲಕ್ಕೇರಿ, ಬಿಟ್ಟು ಬಿಟ್ಟು "ಝೀಂ, ಝೀಂ" ಆಗುತ್ತದೆ. ಒಂದೆರಡು ಸಲ ಕೇಳಿದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಬಿಸಿಲು ಏರಿದ ಮೇಲೆ ಪರಾಗ ಮುಗಿದಿರುತ್ತದೆ, ದುಂಬಿಗಳೂ ಕಮ್ಮಿ.

ಹೂವಿನ ಲೆಕ್ಕಾಚಾರ ಇಷ್ಟಕ್ಕೇ ಮುಗಿಯೋದಿಲ್ಲ. ದುಂಬಿ ಹಿಡಿದು ಅಲ್ಲಾಡಿಸೋದು ಮುಖ್ಯವಾಗಿ ಗಿಡ್ಡ ಕೇಸರಗಳನ್ನು. ಅವುಗಳ ಪರಾಗ ದುಂಬಿಯ ಊಟ. ಅದೇ ಹೊತ್ತಿಗೆ ಉದ್ದ ಕೇಸರದ ಪರಾಗ ಅದರ ಮೈಯ ಬದಿಗೆ, ಅದು ಸುಲಭವಾಗಿ ಒರೆಸಿಕೊಳ್ಳಲಾಗದ ಕಡೆ ಬೀಳುತ್ತದೆ. ಇನ್ನು ಶಲಾಕೆ, ಅಂದರೆ ಕಾಯಿಯಾಗುವ ಭಾಗದ ತುದಿ, ಕೆಲವು ಹೂಗಳಲ್ಲಿ ಎಡಕ್ಕೆ ಬಾಗಿದೆ, ಕೆಲವದರಲ್ಲಿ ಬಲಕ್ಕೆ. ನಾಲ್ಕು ಹೂ ಪಕ್ಕಪಕ್ಕ ಇಟ್ಟು ನೋಡಿ, ಕಾಣುತ್ತದೆ. ಎಡಬಾಗಿನ ಹೂವಿನಲ್ಲಿ ದುಂಬಿಯ ಒಂದು ಬದಿಗೆ ಮೆತ್ತಿದ ಪರಾಗ ಬಲಬಾಗಿನ ಹೂವಿನ ಶಲಾಕೆಗೆ ತಗುಲುತ್ತದೆ. ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇ ಪಾಠ ಯಾವುದಿದೆ!

ತರಕಾರಿ ಬೆಳೆಯುವವರಿಗೆ ಇದರಲ್ಲಿ ನೇರ ಲಾಭ ಇದೆ. ಟೊಮೆಟೊ ಮತ್ತು ಬದನೆಯ ಹೂವೂ ಹೀಗೇ ಅಲ್ಲಾಡಿಸಿದರೆ ಪರಾಗ ಬಿಡುವಂಥವು. ಗಾಳಿಗೂ ಒಂದಿಷ್ಟು ಕಾಯಿ ಕಚ್ಚುತ್ತದೆ ನಿಜ. ಆದರೆ ಇಂಥ ದುಂಬಿಗಳು ಬಂದರೆ ಕಾಯಿ ಜಾಸ್ತಿ, ಆಕಾರವೂ ಚೆಂದ. ಬದನೆ ತೋಟದ ಬದುವಿನಲ್ಲಿ ತಂಗಡಿ ಸಾಲು ಇದ್ದರೆ, ಬದನೆ ಹೂ ಬಿಡದ ತಿಂಗಳಲ್ಲೂ ದುಂಬಿಗಳಿಗೆ ಅಲ್ಲೇ ಪರಾಗ ಸಿಗುತ್ತದೆ. ಜೇನುಪೆಟ್ಟಿಗೆ ತಂದಿಟ್ಟು ಈ ಕೆಲಸ ಮಾಡಿಸೋಕೆ ಆಗೋದಿಲ್ಲ.

8. ಹೂ ಒಂದೇ ಸಾಲದು

ಪರಾಗ ಮರಿಗಳ ಊಟ. ದೊಡ್ಡ ದುಂಬಿಗೆ ಹಾರಾಡುವ ಶಕ್ತಿಗೆ ಮಕರಂದ ಬೇಕು. ತಂಗಡಿ ಅದನ್ನು ಕೊಡೋದಿಲ್ಲವಲ್ಲ, ಹಾಗಾಗಿ ಪಕ್ಕದಲ್ಲಿ ಕೊಡುವವರು ಇರಬೇಕು. ತುಂಬೆ, ತುಳಸಿ ಇರಲಿ. ಜಾಗ ಇದ್ದರೆ ಒಂದು ಹೊಂಗೆ ಮರ. ತೊಗರಿ ಬೆಳೆಯುವವರಾದರೆ ಅದರ ಹೂವೂ ಬಡಗಿ ದುಂಬಿಗೆ ಪ್ರಿಯ.

ಆಮೇಲೆ ಮನೆ. ಬಡಗಿ ದುಂಬಿಗೆ ಒಣಗಿದ ಮರದ ದಿಮ್ಮಿ ಅಥವಾ ಬಿದಿರು. ಹೆಬ್ಬೆರಳು ತೂರುವಷ್ಟು ಪೊಳ್ಳಿರುವ ಬಿದಿರನ್ನು ಒಂದಡಿ ಉದ್ದಕ್ಕೆ ಕತ್ತರಿಸಿ. ಒಂದು ಕಡೆ ಗಂಟು ಇರಲಿ, ಇನ್ನೊಂದು ಕಡೆ ಬಾಯಿ. ಐದಾರನ್ನು ಕಟ್ಟಿ ಮಳೆ ಬೀಳದ ಸೂರಿನ ಕೆಳಗೆ ಅಡ್ಡವಾಗಿ ತೂಗುಹಾಕಿ. ಮನೆಯ ತೊಲೆ ಕೊರೆದುಬಿಟ್ಟರೆ ಅಂತ ಹೆದರುವವರು ತೊಲೆಗೆ ಬಣ್ಣ ಬಳಿಯಿರಿ. ಬಣ್ಣ ಇರುವ ಮರಕ್ಕಿಂತ ಬರಿ ಮರ ಅವಕ್ಕೆ ಇಷ್ಟ. ಕಚ್ಚುತ್ತವಾ ಅಂತ ಎಲ್ಲರೂ ಕೇಳುತ್ತಾರೆ. ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದೆ, ಕೈಯಲ್ಲಿ ಹಿಡಿದು ಹಿಸುಕದ ಹೊರತು ಅದರ ಗೊಡವೆಗೆ ಬರೋದಿಲ್ಲ.

ನೀಲಿ ಪಟ್ಟೆಯ ಜೇನು ಮಣ್ಣಲ್ಲಿ ಗೂಡು ಮಾಡುತ್ತದೆ. ಹಳೇ ಮಣ್ಣಿನ ಗೋಡೆ, ಬದುವಿನ ಒಣ ಮಗ್ಗಲು, ಬಿಸಿಲು ಬೀಳುವ ಬರಿ ನೆಲ. ತೋಟದ ಪ್ರತಿ ಇಂಚಿಗೂ ತರಗೆಲೆ ಮುಚ್ಚಬೇಡಿ, ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಬೇಡಿ. ಒಂದು ಮೂಲೆ ಬರಿ ಮಣ್ಣಾಗಿರಲಿ. ಸಂಜೆ ಹೊತ್ತು ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಸಾಲಾಗಿ ನೇತಾಡುತ್ತಿರುವ ಜೇನು ಕಂಡರೆ ಅವು ಈ ಜಾತಿಯ ಗಂಡುಗಳು. ಅಲ್ಲೇ ಮಲಗುತ್ತವೆ. ಆ ಕಡ್ಡಿಯನ್ನು ಮುರಿಯಬೇಡಿ.

9. ಎಲೆ ತೂತಾದರೆ ಔಷಧಿ ಹೊಡೆಯಬೇಡಿ

ತಂಗಡಿ ಚಿಗುರಿದಾಗ ಬಿಳಿ ಚಿಟ್ಟೆಯೊಂದು ಗಿಡದ ಸುತ್ತ ಸುತ್ತುತ್ತದೆ. ತಿಳಿ ಹಸಿರು ಬೆರೆತ ಬಿಳಿ, ವೇಗದ ಹಾರಾಟ. ಮಾಟಲ್ಡ್ ಎಮಿಗ್ರೆಂಟ್ ಅಂತ ಹೆಸರು. ಎಳೆ ಎಲೆಗೆ ಒಂದೊಂದೇ ಮೊಟ್ಟೆ ನೆಟ್ಟಗೆ ನಿಲ್ಲಿಸಿ ಹೋಗುತ್ತದೆ. ಹುಳು ಎಲೆಯದೇ ಹಸಿರು, ಪಕ್ಕಕ್ಕೊಂದು ಗೆರೆ. ಎಲೆ ಕಾಂಡದ ಮೇಲೆ ಉದ್ದಕ್ಕೆ ಮಲಗಿದರೆ ಹುಡುಕೋದೇ ಕಷ್ಟ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಮೂರು ವಾರ. ಚಿಕ್ಕ ಹಳದಿ ಚಿಟ್ಟೆಗಳೂ ಸೆನ್ನಾ ಗಿಡಗಳಿಗೆ ಮೊಟ್ಟೆ ಇಡುತ್ತವೆ. ಎಮಿಗ್ರೆಂಟ್‌ಗಳು ಕೆಲವು ವರ್ಷ ಗುಂಪುಗುಂಪಾಗಿ ಒಂದೇ ದಿಕ್ಕಿಗೆ ವಲಸೆ ಹೊರಡುತ್ತವೆ. ಬೆಂಗಳೂರಿನ ಸಿಗ್ನಲ್ಲುಗಳ ಮೇಲೂ ಸಾಲಾಗಿ ಹಾದುಹೋಗುವುದನ್ನು ನೀವು ನೋಡಿರಬಹುದು.

ಅಂದರೆ ಎಲೆ ತೂತಾಗಿದ್ದರೆ ಗಿಡ ಹಾಕಿದ್ದು ಸಾರ್ಥಕ. ಹುಳು ಅರ್ಧ ಎಲೆ ತಿಂದರೂ ಬೇರು ಆಳದಲ್ಲಿದೆ, ಮತ್ತೆ ಚಿಗುರುತ್ತದೆ. ಬೇವಿನೆಣ್ಣೆ ಕೂಡ ಬೇಡ. ಮರಿಹುಳುವಿಗೆ ಅದೂ ಕೇಡೇ. ಇಮಿಡಾಕ್ಲೊಪ್ರಿಡ್‌ನಂಥ, ಬೇರಿನಿಂದ ಗಿಡದ ಮೈಗೆಲ್ಲ ಹರಡುವ ಔಷಧಿಯಂತೂ ಬುಡಕ್ಕೆ ಬೀಳಲೇಬಾರದು. ಅದು ಪರಾಗಕ್ಕೂ ಸೇರುತ್ತದೆ. ಪಕ್ಕದ ಬೆಳೆಗೆ ಹೊಡೆಯಲೇಬೇಕಾದ ಪರಿಸ್ಥಿತಿ ಬಂದರೆ ದುಂಬಿಗಳು ಗೂಡು ಸೇರಿದ ಮೇಲೆ, ಗಾಳಿ ಇಲ್ಲದಾಗ ಹೊಡೆಯಿರಿ.

ಗಿಡದ ಮೇಲೆ ಇರುವೆ ಓಡಾಡುತ್ತಿದ್ದರೂ ಗಾಬರಿ ಬೇಡ. ಎಲೆ ಜೋಡಿಗಳ ನಡುವೆ ಗ್ರಂಥಿ ಇದೆ ಅಂದೆನಲ್ಲ, ಅದರಲ್ಲಿ ಸಿಹಿ ರಸ ಒಸರುತ್ತದೆ. ಹೂವಲ್ಲಿ ಇಲ್ಲದ ಮಕರಂದ ಎಲೆಯಲ್ಲಿದೆ! ಅದನ್ನು ಕುಡಿಯೋಕೆ ಬರುವ ಇರುವೆಗಳು ಎಲೆ ತಿನ್ನುವ ಕೆಲವು ಹುಳುಗಳನ್ನು ಓಡಿಸುತ್ತವೆ. ಇರುವೆ ಜಾಸ್ತಿ ಆದರೆ ಚಿಟ್ಟೆಯ ಮೊಟ್ಟೆಯೂ ಹೋಗುತ್ತದೆ. ಅದು ಅವರವರ ಜಗಳ, ನಾವು ನಡುವೆ ಹೋಗುವುದು ಬೇಡ.

10. ಹೂ ಕೀಳುವಾಗ

ಹಬ್ಬಕ್ಕೆ ಹೂ ಬೇಕೇ ಬೇಕು. ಬಲಿಪಾಡ್ಯಮಿಯ ಸಗಣಿ ಗುಡ್ಡೆಗೆ ಹುಚ್ಚೆಳ್ಳು ಹೂವಿನ ಜೊತೆ ತಂಗಡಿ ಸಿಗಿಸದೆ ಮನಸ್ಸಿಗೆ ಸಮಾಧಾನ ಆಗುವವರು ಹಳ್ಳಿಯಲ್ಲಿ ಕಡಿಮೆ. ಕೀಳಿ, ಆದರೆ ಹತ್ತು ಗಂಟೆ ಕಳೆದ ಮೇಲೆ ಕೀಳಿ. ಅಷ್ಟು ಹೊತ್ತಿಗೆ ದುಂಬಿಗಳ ಊಟ ಆಗಿರುತ್ತದೆ. ಪ್ರತಿ ಗೊಂಚಲಲ್ಲಿ ಅರ್ಧ ಬಿಡಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಬೀಜ ಇರೋದಿಲ್ಲ.

ಒಣ ದಳ ಹಾಕಿ ಕಷಾಯ ಮಾಡುವವರೂ ಇದ್ದಾರೆ. ಶ್ರೀಲಂಕಾದಲ್ಲಿ ಇದರ ಎಲೆಯನ್ನೇ ಚಹಾದ ಬದಲು ಬಳಸುತ್ತಿದ್ದರು, "ಮಾತರ ಟೀ" ಅನ್ನುವ ಹೆಸರು ಅದರಿಂದಲೇ ಬಂದದ್ದು. ರುಚಿಗೆ ಕುಡಿಯೋದು ಬೇರೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಇದನ್ನೇ ನಂಬಿ ಕೂರೋದು ಬೇರೆ. ಮೊಬೈಲಿನಲ್ಲಿ ಬರುವ ಸಲಹೆಗಳನ್ನು ನೋಡಿ ಹಾಗೆ ಮಾಡಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ದಿನಾ ಕುಡಿಯುವುದೂ ಬೇಡ.

ತಂಗಡಿ ಬಾರದ ಊರಿನವರಿಗೆ

ಮಲೆನಾಡು, ಕರಾವಳಿಯಲ್ಲಿ ಇರುವವರು ಗಿಜಿಗಿಜಿ ಗಿಡ ಹಾಕಿ. ಒಣ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಸದ್ದು ಬರುತ್ತದಲ್ಲ, ಅದೇ. ಕ್ರೋಟಲೇರಿಯಾ ಗುಂಪು, ಹಸಿರು ಗೊಬ್ಬರಕ್ಕೆ ಬಿತ್ತುವ ಸೆಣಬಿನ ನೆಂಟ. ಇದರ ಬೇರಲ್ಲಿ ಗಂಟೂ ಇದೆ, ಹೂವಲ್ಲಿ ಮಕರಂದವೂ ಇದೆ. ಬಡಗಿ ದುಂಬಿ ಇದಕ್ಕೂ ಬರುತ್ತದೆ. ಬ್ಲೂ ಟೈಗರ್‌ನಂಥ ವಲಸೆ ಚಿಟ್ಟೆಗಳು ಇದರ ಒಣ ಗಿಡದ ಮೇಲೆ ಮುತ್ತಿಗೆ ಹಾಕಿ ಒಂದು ಬಗೆಯ ಕಹಿ ರಾಸಾಯನಿಕವನ್ನು ಹೀರುತ್ತವೆ. ಗಂಡು ಚಿಟ್ಟೆ ಹೆಣ್ಣನ್ನು ಸೆಳೆಯುವ ವಾಸನೆಗೆ ಅದು ಬೇಕು.

ಚಿಟ್ಟೆಗೆ ಬೇಕಾದ ಆ ರಾಸಾಯನಿಕವೇ ನಮಗೆ, ದನಗಳಿಗೆ ವಿಷ. ಯಕೃತ್ತನ್ನು ಹಾಳು ಮಾಡುತ್ತದೆ. 1970ರ ದಶಕದಲ್ಲಿ, ಆಗ ಮಧ್ಯಪ್ರದೇಶದಲ್ಲಿದ್ದ ಸರ್ಗುಜಾ ಜಿಲ್ಲೆಯಲ್ಲಿ ಕಾಡು ಕ್ರೋಟಲೇರಿಯಾ ಬೀಜ ಬೆರೆತ ಸಿರಿಧಾನ್ಯ ತಿಂದು ಜನ ಸತ್ತಿದ್ದರು. ಹಾಗಾಗಿ ಗಿಜಿಗಿಜಿಯನ್ನು ರಾಗಿ, ಸಾಮೆ, ನವಣೆ ಹೊಲದ ಹತ್ತಿರ ಹಾಕಬೇಡಿ. ಮೇವಿನ ಜಾಗದಲ್ಲೂ ಬೇಡ. ಮಕ್ಕಳು ಕಾಯಿ ಹಿಡಿದು ಆಡಿದರೆ ಬೀಜ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡಿಗರು ಊರಿಂದ ತಂಗಡಿ ಬೀಜ ಒಯ್ಯುವ ಯೋಚನೆ ಮಾಡಬೇಡಿ. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಹಿಡಿಯದಿದ್ದರೂ ಹಿಮ ಬೀಳುವ ಕಡೆಯ ಚಳಿಗೆ ಗಿಡ ಸಾಯುತ್ತದೆ. ಪೂರ್ವ ಅಮೆರಿಕದಲ್ಲಿ ಅಲ್ಲಿನದೇ ಎರಡು ಸೆನ್ನಾಗಳಿವೆ, ಸೆನ್ನಾ ಹೆಬೆಕಾರ್ಪಾ ಮತ್ತು ಸೆನ್ನಾ ಮೆರಿಲ್ಯಾಂಡಿಕಾ. ಚಳಿಗಾಲಕ್ಕೆ ನೆಲದ ಮೇಲಿನ ಭಾಗ ಒಣಗಿ, ವಸಂತದಲ್ಲಿ ಬುಡದಿಂದ ಮತ್ತೆ ಏಳುತ್ತವೆ. ಅಲ್ಲಿ ಝೀಂಗುಟ್ಟುವುದು ಬಂಬಲ್‌ಬೀ, ಎಲೆ ತಿನ್ನುವುದು ಹಳದಿ ಬಣ್ಣದ ಕ್ಲೌಡ್‌ಲೆಸ್ ಸಲ್ಫರ್ ಚಿಟ್ಟೆಯ ಮರಿ. ಸ್ಥಳೀಯ ಗಿಡಗಳನ್ನ ಮಾರುವ ನರ್ಸರಿಯಲ್ಲಿ ಈ ಎರಡು ಹೆಸರು ಹೇಳಿ ಕೇಳಿ.